ಬೋರ್ಡಿಗೆ ಕನ್ನಡ, ಆಪರೇಷನ್ ಫಾರಂಗೆ ಇಂಗ್ಲಿಷ್! ನಿಮ್ಮ ಪ್ರಾಣದ ಭಾಷೆ ಯಾವುದು?

ಕನ್ನಡದ ಹುಡುಗರೇ, ಹುಡುಗಿಯರೇ,

2023ರ ಡಿಸೆಂಬರಿನಲ್ಲಿ ಬೆಂಗಳೂರಿನ ಬೀದಿಗಿಳಿದು ನಾಮಫಲಕದಲ್ಲಿ ಕನ್ನಡ ಬೇಕೇ ಬೇಕು ಎಂದು ಕೂಗಿದಿರಿ. ಪೊಲೀಸ್ ವ್ಯಾನು ಹತ್ತಿದಿರಿ, ಕೇಸು ಹಾಕಿಸಿಕೊಂಡಿರಿ. 2024ರಲ್ಲಿ ಕಾನೂನು ಬಂತು: ಫಲಕದ ಮೇಲೆ ನೂರಕ್ಕೆ 60 ಭಾಗ ಕನ್ನಡ. ಶಭಾಷ್! ಬೀದಿಯಲ್ಲಿ ಗೆದ್ದಿರಿ.

ಈಗ ಆ ಫಲಕದ ಕೆಳಗಿನ ಬಾಗಿಲು ದಾಟಿ ಒಳಗೆ ಬನ್ನಿ. ಅಂಗಡಿಯೊಳಗಲ್ಲ, ಆಸ್ಪತ್ರೆಯೊಳಗೆ. ನಿಮ್ಮ ತಾಯಿಗೆ ನಾಳೆ ಬೆಳಗ್ಗೆ ಆಪರೇಷನ್ ಎಂದಿಟ್ಟುಕೊಳ್ಳಿ. ರಾತ್ರಿ ಒಂಬತ್ತಕ್ಕೆ ಯಾರೋ ಬಂದು ನಾಲ್ಕು ಪುಟದ ಕಾಗದ ಕೊಟ್ಟು, ಬೆರಳಿಟ್ಟು ತೋರಿಸಿ, 'ಇಲ್ಲಿ, ಇಲ್ಲಿ, ಇಲ್ಲಿ ಸೈನ್ ಮಾಡಿ' ಎನ್ನುತ್ತಾರೆ. ನಾಲ್ಕು ಪುಟವೂ ಇಂಗ್ಲಿಷ್. ತಾಯಿ ನಿಮ್ಮ ಮುಖ ನೋಡುತ್ತಾರೆ. ನೀವು ನರ್ಸ್ ಮುಖ ನೋಡುತ್ತೀರಿ. 'ಹಾಕಮ್ಮ, ಎಲ್ಲರೂ ಹಾಕ್ತಾರೆ' ಎನ್ನುತ್ತೀರಿ. ತಾಯಿ ಕನ್ನಡದಲ್ಲಿ ಸಹಿ ಹಾಕುತ್ತಾರೆ. ಆ ನಾಲ್ಕು ಪುಟದಲ್ಲಿ ಇರುವ ಕನ್ನಡ ಅಷ್ಟೇ: ನಿಮ್ಮ ತಾಯಿಯ ಸಹಿ!

ಬಾಗಿಲ ಮೇಲೆ 60 ಭಾಗ. ಬಾಗಿಲ ಒಳಗೆ ಸೊನ್ನೆ. ಬೋರ್ಡಿಗೆ ಮಸಿ ಬಳಿಯಲು ಎದ್ದ ಕೈ, ಓದಲಾಗದ ಕಾಗದಕ್ಕೆ ಹೆತ್ತವಳ ಸಹಿ ಹಾಕಿಸುವಾಗ ಯಾಕೆ ಏಳುವುದಿಲ್ಲ? ಇದು ಅಭಿಮಾನದ ಪ್ರಶ್ನೆಯಲ್ಲ ಗೆಳೆಯರೇ, ಪ್ರಾಣದ ಪ್ರಶ್ನೆ. ಬೋರ್ಡು ಇಂಗ್ಲಿಷಿನಲ್ಲಿದ್ದರೆ ಮನಸ್ಸಿಗೆ ನೋವಾಗುತ್ತದೆ. ಮಾತ್ರೆಯ ಚೀಟಿ ಅರ್ಥವಾಗದಿದ್ದರೆ ಹೆಣ ಬೀಳುತ್ತದೆ.

ಮದುವೆ ಪತ್ರಿಕೆಗಿರುವ ಬೆಲೆ

ನಾನು ಪ್ರೆಸ್ ನಡೆಸುವವನು. ಮದುವೆ ಪತ್ರಿಕೆ ಮಾಡಿಸಲು ಬರುವವರನ್ನು ದಿನಾ ನೋಡುತ್ತೇನೆ. ಪ್ರೂಫ್ ಕೊಟ್ಟರೆ ಅಪ್ಪ ಒಂದು ಸಲ ಓದುತ್ತಾರೆ, ಮಗ ಒಂದು ಸಲ, ಸೋದರಮಾವ ಕನ್ನಡಕ ಹಾಕಿಕೊಂಡು ಇನ್ನೊಂದು ಸಲ. 'ಚಿ॥' ಬಿಟ್ಟುಹೋಗಿದೆ, ದೊಡ್ಡಪ್ಪನ ಹೆಸರು ಕೆಳಗಾಯಿತು, ಮುಹೂರ್ತದ ನಿಮಿಷ ತಪ್ಪಾಗಿದೆ ಎಂದು ಮೂರು ಸಲ ತಿದ್ದಿಸುತ್ತಾರೆ. ಒಪ್ಪಿಗೆ ಆಯಿತು ಎಂದು ಅವರು ಸಹಿ ಹಾಕುವ ತನಕ ನಾವು ಮಿಷನ್ ಓಡಿಸುವುದಿಲ್ಲ. ಪತ್ರಿಕೆಯಲ್ಲಿ ತಪ್ಪಾದರೆ ಏನಾಗುತ್ತದೆ? ನೆಂಟರು ನಗುತ್ತಾರೆ. ಮದುವೆ ನಿಲ್ಲುವುದಿಲ್ಲ.

ಅದೇ ಜನ, ಹೊಟ್ಟೆ ಕೊಯ್ಯಲು ಒಪ್ಪಿಗೆ ಕೊಡುವ ಕಾಗದಕ್ಕೆ ಒಂದು ಸಾಲೂ ಓದದೆ ಸಹಿ ಹಾಕುತ್ತಾರೆ!

ಸಣ್ಣ ಆಸ್ಪತ್ರೆಗಳ ಒಪ್ಪಿಗೆ ಫಾರಂ, ಚೀಟಿ ಪ್ಯಾಡು, ಡಿಸ್ಚಾರ್ಜ್ ಕಾರ್ಡು ಇವೆಲ್ಲ ನಮ್ಮಂಥ ಪ್ರೆಸ್ಸುಗಳಲ್ಲೇ ಅಚ್ಚಾಗುವುದು. ಒಮ್ಮೆ ಒಂದು ನರ್ಸಿಂಗ್ ಹೋಮಿನವರಿಗೆ ನಾನೇ ಹೇಳಿದೆ: ಒಂದು ಮಗ್ಗುಲು ಇಂಗ್ಲಿಷ್, ಇನ್ನೊಂದು ಮಗ್ಗುಲು ಕನ್ನಡ ಹಾಕೋಣ, ಕಾಗದ ಹೆಚ್ಚು ಬೇಡ, ಟೈಪಿಂಗ್ ಖರ್ಚು ನನ್ನದು. ಅವರು ಹೇಳಿದ್ದು, 'ಬೇಡ ಬಿಡಿ, ಕನ್ನಡದಲ್ಲಿ ಕೊಟ್ಟರೆ ಜನ ಓದೋಕೆ ಶುರು ಮಾಡ್ತಾರೆ, ಟೈಮ್ ಆಗುತ್ತೆ.' ಇದು ತಮಾಷೆಯ ಮಾತಲ್ಲ ಸ್ವಾಮಿ. ಜನ ಓದಬಾರದು ಎಂಬುದೇ ಇಂಗ್ಲಿಷ್ ಫಾರಂನ ಲಾಭ.

ಒಪ್ಪಿಗೆ ಎಂದರೆ ಸಹಿಯಲ್ಲ

ಕಾನೂನು ಏನು ಹೇಳುತ್ತದೆ ಕೇಳಿ. 1995ರಲ್ಲಿ ದೆಹಲಿಯ 44 ವರ್ಷದ ಹೆಣ್ಣುಮಗಳೊಬ್ಬಳು ಅತಿ ರಕ್ತಸ್ರಾವವೆಂದು ವೈದ್ಯರ ಬಳಿ ಹೋದಳು. ಹೊಟ್ಟೆಯೊಳಗೆ ದುರ್ಬೀನು ಹಾಕಿ ಪರೀಕ್ಷೆ ಮಾಡಲು ಆಕೆ ಸಹಿ ಹಾಕಿದ್ದಳು. ಅರಿವಳಿಕೆ ಕೊಟ್ಟು ಮಲಗಿಸಿದ ಮೇಲೆ, ಹೊರಗಿದ್ದ ವಯಸ್ಸಾದ ತಾಯಿಯಿಂದ ಇನ್ನೊಂದು ಸಹಿ ತೆಗೆದುಕೊಂಡು ಗರ್ಭಕೋಶ, ಅಂಡಾಶಯ ಎಲ್ಲ ತೆಗೆದುಹಾಕಿದರು. ಎಚ್ಚರವಾದಾಗ ಆಕೆಗೆ ಮುಂದೆಂದೂ ಮಕ್ಕಳಾಗುವ ಹಾಗಿರಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟು ಹೇಳಿತು: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಅಂಗ ತೆಗೆಯಲು ಕೊಟ್ಟ ಒಪ್ಪಿಗೆಯಲ್ಲ. ಆ ಕ್ಷಣ ಪ್ರಾಣ ಉಳಿಸಲು ಬೇಕೇ ಬೇಕಿದ್ದರೆ ಮಾತು ಬೇರೆ. ರೋಗಿ ಬುದ್ಧಿ ಸರಿಯಿರುವ ವಯಸ್ಕಳಾಗಿದ್ದರೆ ತಾಯಿಯ ಸಹಿ ಸಾಲದು. ಏನು ಮಾಡುತ್ತೇವೆ, ಅಪಾಯ ಏನು, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗುತ್ತದೆ, ಇದನ್ನೆಲ್ಲ ತಿಳಿಸಿ ಪಡೆದದ್ದೇ ಒಪ್ಪಿಗೆ.

ತಿಳಿಸಿ! ಯಾವ ಭಾಷೆಯಲ್ಲಿ ತಿಳಿಸಬೇಕು? ರೋಗಿಗೆ ತಿಳಿಯುವ ಭಾಷೆಯಲ್ಲಿ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ತಯಾರಿಸಿ 2018ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರತಂದ ರೋಗಿಗಳ ಹಕ್ಕುಗಳ ಕರಡು ಸನ್ನದಿನಲ್ಲೂ ಇದೇ ಮಾತಿದೆ. ಚನ್ನಪಟ್ಟಣದ ರೈತನಿಗೆ, ರಾಯಚೂರಿನ ಕೂಲಿಯವನಿಗೆ, ಮಲ್ಲೇಶ್ವರದ ಅಜ್ಜಿಗೆ ತಿಳಿಯುವ ಭಾಷೆ ಯಾವುದು? ಅದನ್ನು ಹೇಳಲು ಕಮಿಟಿ ಬೇಕೇ?

ಮೊದಲ ಗುರುತು ನಿಮ್ಮ ಬಾಯಿಂದ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಆಪರೇಷನ್ ಥಿಯೇಟರಿಗೆಂದು 19 ಅಂಶಗಳ ಒಂದು ಪಟ್ಟಿ ಮಾಡಿತು. ದೆಹಲಿಯೂ ಸೇರಿ ಎಂಟು ಊರಿನ ಎಂಟು ಆಸ್ಪತ್ರೆಗಳಲ್ಲಿ ಅದನ್ನು ಪರೀಕ್ಷಿಸಿದರು. ಮೊದಲು ನೂರಕ್ಕೆ 1.5ರಂತೆ ಸಾಯುತ್ತಿದ್ದರು, ಪಟ್ಟಿ ಬಂದ ಮೇಲೆ 0.8. 2009ರಲ್ಲಿ ಪ್ರಕಟವಾದ ಲೆಕ್ಕ ಇದು. ಹೊಸ ಮಿಷನ್ ತರಲಿಲ್ಲ, ಹೊಸ ಔಷಧ ತರಲಿಲ್ಲ. ಒಂದು ಹಾಳೆ ಕಾಗದ, ಅದನ್ನು ಗಟ್ಟಿಯಾಗಿ ಓದಿ ಉತ್ತರ ಕೇಳುವ ಅಭ್ಯಾಸ, ಅಷ್ಟೇ.

ಆ ಪಟ್ಟಿಯ ಮೊದಲ ಗುರುತು ಯಾವುದು ಗೊತ್ತೇ? ಅರಿವಳಿಕೆ ಕೊಡುವ ಮೊದಲು, ರೋಗಿ ಎಚ್ಚರವಾಗಿರುವಾಗಲೇ, ರೋಗಿಯ ಬಾಯಿಂದಲೇ ಕೇಳಿ ಖಚಿತಪಡಿಸಿಕೊಳ್ಳಬೇಕು: ನಿಮ್ಮ ಹೆಸರೇನು, ಯಾವ ಆಪರೇಷನ್, ದೇಹದ ಯಾವ ಭಾಗ, ಒಪ್ಪಿಗೆ ಕೊಟ್ಟಿದ್ದೀರಾ? ಅಂದರೆ ಇಡೀ ಪಟ್ಟಿಯ ಬಾಗಿಲು ತೆರೆಯುವುದು ರೋಗಿಯ ಮಾತಿನಿಂದ. ಕೇಳಿದ ಪ್ರಶ್ನೆಯೇ ಅರ್ಥವಾಗದೆ ಸುಮ್ಮನೆ ತಲೆಯಾಡಿಸಿದರೆ ಆ ಗುರುತು ಸುಳ್ಳು ಗುರುತು. ಎಡಗಾಲಿನ ಬದಲು ಬಲಗಾಲು ಕೊಯ್ಯುವುದು, ಒಬ್ಬರಿಗೆ ಹಾಕಬೇಕಾದ ರಕ್ತ ಇನ್ನೊಬ್ಬರಿಗೆ ಹೋಗುವುದು ನಡೆಯುವುದು ಇಂಥ ತಲೆಯಾಟದ ನಡುವೆಯೇ.

ಇನ್ನು ಮಾತ್ರೆಗೆ ಬನ್ನಿ. ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಇದೆ. ಸಂಧಿವಾತಕ್ಕೆ ಕೊಡುತ್ತಾರೆ. ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ನುಂಗಿದರೆ ಬಾಯೆಲ್ಲ ಹುಣ್ಣಾಗಿ, ಮೂಳೆಯ ಮಜ್ಜೆ ಕೆಟ್ಟು, ರಕ್ತಕಣ ಕುಸಿದು ಪ್ರಾಣವೇ ಹೋಗಬಹುದು. ವಾರಕ್ಕೊಮ್ಮೆಯದನ್ನು ದಿನಾ ನುಂಗಿ ಸತ್ತವರು ಜಗತ್ತಿನಾದ್ಯಂತ ಇದ್ದಾರೆ. ಸಾವು ಬದುಕಿನ ನಡುವೆ ಇರುವುದು 'ವಾರಕ್ಕೊಮ್ಮೆ' ಎಂಬ ಒಂದು ಪದ. ಆ ಒಂದು ಪದವನ್ನು ನಮ್ಮ ಅಜ್ಜಿಗೆ ಇಂಗ್ಲಿಷಿನಲ್ಲಿ, ಅದೂ ಕೋಳಿ ಕೆದರಿದಂಥ ಅಕ್ಷರದಲ್ಲಿ ಬರೆದುಕೊಟ್ಟರೆ ಅದಕ್ಕೆ ಏನೆನ್ನಬೇಕು?

ಅಕ್ಷರದ ಅಪಾಯ ಅಚ್ಚಿನ ಮನೆಯವರಿಗೆ ಗೊತ್ತು. ಒಂದು ಚುಕ್ಕೆ ಹಾರಿಹೋದರೆ .5 ಎಂಬುದು 5 ಆಗುತ್ತದೆ. ಔಷಧದಲ್ಲಿ ಅದು ಹತ್ತು ಪಟ್ಟು. ಅದಕ್ಕೇ ಮುಂದೊಂದು ಸೊನ್ನೆ ಸೇರಿಸಿ 0.5 ಎಂದು ಬರೆಯಿರಿ ಎನ್ನುವುದು. ಅಮೆರಿಕದಲ್ಲಿ ಲೋಸೆಕ್ ಎಂಬ ಹೊಟ್ಟೆಯ ಔಷಧವನ್ನೂ ಲೇಸಿಕ್ಸ್ ಎಂಬ ಮೂತ್ರದ ಔಷಧವನ್ನೂ ಒಂದಕ್ಕೊಂದು ತಪ್ಪಾಗಿ ಓದಿ ಅನಾಹುತವಾಗಿ, 1990ರಲ್ಲಿ ಲೋಸೆಕ್ಕಿನ ಹೆಸರನ್ನೇ ಪ್ರಿಲೋಸೆಕ್ ಎಂದು ಬದಲಿಸಿದರು. ಇಂಗ್ಲಿಷ್ ಹುಟ್ಟಾ ಬಲ್ಲವರ ಕಥೆಯೇ ಹೀಗಾದರೆ ನಮ್ಮದೇನು?

ಅಂದವಾಗಿ ಬರೆಯಬೇಕೆಂಬ ನಿಯಮ ಇಲ್ಲವೇ? ಇದೆ. ಔಷಧದ ಮೂಲ ಹೆಸರನ್ನು ಓದುವ ಹಾಗೆ, ಆದಷ್ಟೂ ದೊಡ್ಡಕ್ಷರದಲ್ಲಿ ಬರೆಯಬೇಕೆಂದು ವೈದ್ಯರ ನಡತೆಯ ನಿಯಮಕ್ಕೆ 2016ರಲ್ಲೇ ತಿದ್ದುಪಡಿ ಬಂದಿದೆ. 2025ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಓದಲು ಬರುವ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕು ಎಂದೇ ಹೇಳಿತು. ನಿಯಮ ಇದೆ, ತೀರ್ಪಿದೆ. ಇಲ್ಲದಿರುವುದು ಕೇಳುವವರು.

'ಕನ್ನಡದಲ್ಲಿ ಆಗಲ್ಲ' ಎಂಬ ಬುರುಡೆ

'ವೈದ್ಯಕೀಯವೆಲ್ಲ ಕನ್ನಡದಲ್ಲಿ ಹೇಳೋಕಾಗಲ್ಲ' ಎನ್ನುವವರಿಗೆ ಇಲ್ಲೇ ಉತ್ತರ. ಡಾ. ಅನುಪಮಾ ನಿರಂಜನ 'ತಾಯಿ-ಮಗು', 'ದಾಂಪತ್ಯ ದೀಪಿಕೆ' ಬರೆದದ್ದು ಯಾವ ಭಾಷೆಯಲ್ಲಿ? 'ಕೊರವಂಜಿ' ನಡೆಸಿದ ಡಾ. ಶಿವರಾಂ, ನಮ್ಮ ರಾಶಿಯವರು, 'ಮನಮಂಥನ'ದಲ್ಲಿ ಮನಸ್ಸಿನ ರೋಗವನ್ನು ತಿಳಿಸಿದ್ದು ಯಾವ ಭಾಷೆಯಲ್ಲಿ? ಗರ್ಭದಿಂದ ಮನೋರೋಗದ ತನಕ ಹೇಳಿದ ಕನ್ನಡಕ್ಕೆ ಒಂದು ಹರ್ನಿಯಾ ಆಪರೇಷನ್ ಹೇಳಲು ಬರುವುದಿಲ್ಲವೇ?

2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರವೇ ಸರ್ಕಾರಿ ವೈದ್ಯರು ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರನ್ನು ಕೇಳಿತು. ಆಗ ನಕ್ಕವರು ಇದ್ದರು. 'ಬೇರೆ ರಾಜ್ಯಕ್ಕೆ ಹೋದರೆ ಮೆಡಿಕಲ್ ಸ್ಟೋರಿನವನು ಹೇಗೆ ಓದುತ್ತಾನೆ' ಎಂದರು. ಆ ಮಾತಿಗೆ ಅರ್ಥವಿದೆ, ಒಪ್ಪೋಣ. ಔಷಧದ ಹೆಸರು ಇಂಗ್ಲಿಷ್ ದೊಡ್ಡಕ್ಷರದಲ್ಲೂ ಇರಲಿ. ಆದರೆ ಯಾವಾಗ, ಎಷ್ಟು, ಊಟಕ್ಕೆ ಮೊದಲೋ ಆಮೇಲೋ, ಎಷ್ಟು ದಿನ, ಏನಾದರೆ ಕೂಡಲೇ ವಾಪಸು ಬರಬೇಕು, ಇಷ್ಟು ಮಾತ್ರ ಕನ್ನಡದಲ್ಲಿ ಇರಲೇಬೇಕು. ಅದನ್ನು ಓದುವವನು ಮೆಡಿಕಲ್ ಸ್ಟೋರಿನವನಲ್ಲ. ನುಂಗುವವನು.

ಹಾಸಿಗೆಯ ಪಕ್ಕ ನಿಲ್ಲುವವರಿಗೆ

ಸರ್ಕಾರ ಮಾಡಲಿ ಎಂದು ಕಾಯುತ್ತಾ ಕೂರಬೇಡಿ. ನಾಳೆಯೇ ನಿಮ್ಮ ಮನೆಯವರು ಆಸ್ಪತ್ರೆ ಸೇರಬಹುದು. ಓದು ಬರಹ ಬಲ್ಲ ಒಬ್ಬರು ಜೊತೆಯಲ್ಲಿರಿ. ಕೈಯಲ್ಲಿ ಒಂದು ನೋಟ್‌ಬುಕ್ಕು ಇರಲಿ. ಮೊಬೈಲ್ ನೋಡುವ ಕಣ್ಣು ಸ್ವಲ್ಪ ಈ ಕಡೆ ಇರಲಿ.

ಒಂದು: ಮನೆಯಲ್ಲಿ ತಿನ್ನುತ್ತಿರುವ ಎಲ್ಲ ಮಾತ್ರೆ, ನಾಟಿ ಔಷಧ ಸಹಿತ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ಡಾಕ್ಟರ ಮುಂದೆ ಸುರಿಯಿರಿ. ಹಿಂದೆ ಯಾವ ಔಷಧಕ್ಕೆ ಮೈಯೆಲ್ಲ ದದ್ದು ಎದ್ದಿತ್ತು, ಉಸಿರು ಕಟ್ಟಿತ್ತು, ಅದನ್ನು ಮೊದಲೇ ಹೇಳಿ. ಕೇಸ್ ಶೀಟಿನಲ್ಲಿ ಬರೆದರೇ ಎಂದೂ ನೋಡಿ.

ಎರಡು: 'ಹನ್ನೆರಡನೇ ಬೆಡ್' ಎಂಬುದು ಹೆಸರಲ್ಲ. ಬೆಡ್ ಬದಲಾಗುತ್ತದೆ, ರೋಗಿ ಬದಲಾಗುವುದಿಲ್ಲ. ಇಂಜೆಕ್ಷನ್, ರಕ್ತ, ಪರೀಕ್ಷೆ, ಏನೇ ಮಾಡಲು ಬಂದರೂ ಪೂರ್ತಿ ಹೆಸರು ಹೇಳಿ, ಕೈಪಟ್ಟಿ ನೋಡಿಸಿ.

ಮೂರು: ಪ್ರತಿ ಇಂಜೆಕ್ಷನ್‌ಗೂ ಕೇಳಿ, 'ಇದು ಏನು ಸಿಸ್ಟರ್, ಯಾಕೆ?' ಸಿರಿಂಜಿನ ಪೊಟ್ಟಣ ನಿಮ್ಮೆದುರೇ ಬಿಚ್ಚಲಿ. ಮುಟ್ಟುವ ಮೊದಲು ಕೈ ತೊಳೆದರೇ ಎಂದು ನೋಡಿ. ಇಲ್ಲದಿದ್ದರೆ ನಗುತ್ತಲೇ ನೆನಪಿಸಿ. ಕೇಳುವುದರಲ್ಲಿ ಅವಮಾನವಿಲ್ಲ.

ನಾಲ್ಕು: ರಕ್ತ ಹಾಕುವ ಮೊದಲು ಚೀಲದ ಮೇಲಿನ ಹೆಸರು, ಗುಂಪು, ಕೇಸ್ ಶೀಟಿನದು ಒಂದೇ ಇದೆಯೇ ನೋಡಿಸಿ. ಹಾಕುವಾಗ ಚಳಿ, ನಡುಕ, ಸೊಂಟನೋವು, ತುರಿಕೆ, ಏದುಸಿರು ಏನೇ ಬಂದರೂ ಆ ಕ್ಷಣ ಕೂಗಿ ಕರೆಯಿರಿ.

ಐದು: ಆಪರೇಷನ್ ಎಡಕ್ಕೋ ಬಲಕ್ಕೋ? ರೋಗಿ ಎಚ್ಚರವಾಗಿರುವಾಗಲೇ ಡಾಕ್ಟರು ಆ ಜಾಗದ ಮೇಲೆ ಗುರುತು ಹಾಕಲಿ. ಒಪ್ಪಿಗೆ ಫಾರಂನಲ್ಲಿ ಖಾಲಿ ಜಾಗ ಬಿಟ್ಟು ಸಹಿ ಕೇಳಿದರೆ ಹಾಕಬೇಡಿ. ಖಾಲಿ ಚೆಕ್ಕಿಗೆ ಯಾರಾದರೂ ಸಹಿ ಹಾಕುತ್ತಾರೆಯೇ? ಮೊದಲು ಕನ್ನಡದಲ್ಲಿ ವಿವರಿಸಿ ಎನ್ನಿ. ವಿವರಿಸಿದ ಮೇಲೆ ತಿರುಗಿ ಒಪ್ಪಿಸಿ: 'ನಾನು ತಿಳಿದುಕೊಂಡಿದ್ದು ಇದು, ಸರಿಯೇ ಸಾರ್?'

ಆರು: ಮನೆಗೆ ಹೊರಡುವ ಮುನ್ನ ಪ್ರತಿ ಮಾತ್ರೆಯ ಮೇಲೂ ನೀವೇ ಕನ್ನಡದಲ್ಲಿ ಬರೆದುಕೊಳ್ಳಿ: ಬೆಳಗ್ಗೆ, ಮಧ್ಯಾಹ್ನ, ರಾತ್ರಿ, ವಾರಕ್ಕೊಮ್ಮೆ. ಪಟ್ಟಿಯ ಮೇಲೆ ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ತಿನ್ನಬಾರದ ಔಷಧ. ನಿಮ್ಮ ದಾಖಲೆಯ ಪ್ರತಿ ಕೇಳಿ. ಕೇಳಿದ 72 ಗಂಟೆಯೊಳಗೆ ಕೊಡಬೇಕೆಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತದೆ.

ಇನ್ನೊಂದು ಮಾತು. ಜ್ವರ ಏರುತ್ತಿದೆ, ಉಸಿರಾಟ ಬದಲಾಗಿದೆ, ಮಾತು ತೊದಲುತ್ತಿದೆ ಎಂದು ಮೊದಲು ಗೊತ್ತಾಗುವುದು ಮನೆಯವರಿಗೆ. 'ಡಾಕ್ಟರ್ ರೌಂಡ್ಸಿಗೆ ಬಂದಾಗ ಹೇಳೋಣ' ಎಂದು ಬೆಳಗಿನ ತನಕ ಕಾಯಬೇಡಿ. ಒಬ್ಬರು ಕೇಳದಿದ್ದರೆ ಮೇಲಿನವರನ್ನು ಕರೆಸಿ.

ರೋಗಿ ಒಬ್ಬನೇ ಕಾವಲುಗಾರನಲ್ಲ

ಹಾಗೆಂದು ಎಲ್ಲ ಹೊರೆಯನ್ನೂ ರೋಗಿಯ ತಲೆಗೆ ಕಟ್ಟುವವರಿಗೂ ಒಂದು ಮಾತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಹಾಸಿಗೆ ಹಿಡಿದರು. ಡಿಸೆಂಬರ್ ಮೊದಲ ವಾರದ ಹೊತ್ತಿಗೆ ಐವರು ತೀರಿಕೊಂಡಿದ್ದರು. ಅವರಿಗೆ ಹಾಕಿದ ಡ್ರಿಪ್ಪಿನ ದ್ರಾವಣದ ಗುಣಮಟ್ಟದ ಮೇಲೆ ಸಂಶಯ ಬಂದು ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಆ ತಾಯಂದಿರು ಏನು ಕೇಳಿದ್ದರೆ ಬದುಕುತ್ತಿದ್ದರು? ಬಾಟಲಿಯ ಮೇಲಿನ ದಿನಾಂಕ ಓದಬಹುದು. ಒಳಗಿನ ವಿಷವನ್ನು ಕಣ್ಣಿನಿಂದ ಓದಲಾಗದು. ಅದನ್ನು ಪರೀಕ್ಷಿಸಲೆಂದೇ ಸಂಬಳ ಕೊಟ್ಟು ಇಲಾಖೆ ಸಾಕಿದ್ದೇವೆ. ರೋಗಿ ಎಚ್ಚರವಾಗಿರಬೇಕು ಎಂದರೆ ಸರ್ಕಾರ ಮಲಗಬಹುದು ಎಂದಲ್ಲ. ನಮ್ಮ ಪ್ರಶ್ನೆ ಹಾಸಿಗೆಯ ಪಕ್ಕದಲ್ಲಿ ಶುರುವಾಗಿ ವಿಧಾನಸೌಧದ ಮೆಟ್ಟಿಲ ತನಕ ಹೋಗಬೇಕು.

ದೂರು ಕೊಡುವ ಜಾಗಗಳು ಇವೆ. ಖಾಸಗಿ ಆಸ್ಪತ್ರೆಗಳ ಮೇಲೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರಿಂದ ಇದೆ. 2017ರ ತಿದ್ದುಪಡಿಯಲ್ಲಿ ರೋಗಿಗಳ ಸನ್ನದೂ, ಜಿಲ್ಲಾ ಮಟ್ಟದ ಕುಂದುಕೊರತೆ ಪ್ರಾಧಿಕಾರವೂ ಬಂದವು. ದುಡ್ಡು ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಕಾನೂನಿಗೆ ಸೇರುತ್ತದೆಂದು ಸುಪ್ರೀಂ ಕೋರ್ಟು 1995ರಲ್ಲೇ ತೀರ್ಪು ಕೊಟ್ಟಿದೆ. ಆರೋಗ್ಯ ಸಹಾಯವಾಣಿ 104. ಔಷಧ ತಿಂದು ತೊಂದರೆಯಾದರೆ ತಿಳಿಸಲು 1800-180-3024.

ಕೈ ಎತ್ತಬೇಡಿ, ದನಿ ಎತ್ತಿ

ಈ ಪತ್ರಿಕೆ ಓದುವ ಬಿಸಿರಕ್ತದ ಹುಡುಗರಿಗೆ ಇದು ಮುಖ್ಯ. ಯಾರೋ ಸತ್ತ ಮೇಲೆ ಗುಂಪು ಕಟ್ಟಿಕೊಂಡು ಹೋಗಿ ಗಾಜು ಒಡೆಯುವುದು, ಡ್ಯೂಟಿ ಡಾಕ್ಟರ ಕೊರಳಪಟ್ಟಿ ಹಿಡಿಯುವುದು ಹೋರಾಟವಲ್ಲ. 2009ರ ಕಾನೂನಿನಲ್ಲಿ ಅದು ಅಪರಾಧ. ಅದಕ್ಕಿಂತ ಮಿಗಿಲಾಗಿ ಸತ್ತವರು ಅದರಿಂದ ಎದ್ದು ಬರುವುದಿಲ್ಲ. 36 ಗಂಟೆ ನಿದ್ದೆಗೆಟ್ಟು ನಿಂತ ಆ ಹುಡುಗ ಡಾಕ್ಟರೂ ನಮ್ಮವನೇ. ಕನ್ನಡ ಬಾರದ ನರ್ಸ್ ಹುಡುಗಿಯ ಮೇಲೂ ನಮ್ಮ ಜಗಳವಲ್ಲ. ಹೊಟ್ಟೆಪಾಡಿಗೆ ದೂರದಿಂದ ಬಂದವಳು. ಅವಳಿಗೆ 'ನೋವು ಎಲ್ಲಿದೆ', 'ಉಸಿರು ಎಳೆದುಕೊಳ್ಳಿ', 'ಹೆಸರು ಹೇಳಿ' ಎಂಬ ನಾಲ್ಕು ಮಾತು ಕಲಿಸದೆ ವಾರ್ಡಿಗೆ ಬಿಟ್ಟ ಆಡಳಿತದ ಮೇಲೆ ನಮ್ಮ ಜಗಳ. ಲಕ್ಷಾಂತರ ಬಿಲ್ ಮಾಡಲು ಬರುವವರಿಗೆ ಒಂದು ತಿಂಗಳ ಕನ್ನಡ ತರಗತಿ ನಡೆಸಲು ಬರುವುದಿಲ್ಲವೇ?

ಸಂಘಟನೆಯ ಗೆಳೆಯರು ಈಗ ಮಾಡಬೇಕಾದದ್ದು ಇಷ್ಟು. ನಿಮ್ಮ ಬಡಾವಣೆಯ ಪ್ರತಿ ಆಸ್ಪತ್ರೆಗೂ ನಾಲ್ವರು ಹೋಗಿ, ಮರ್ಯಾದೆಯಿಂದ, ಬರವಣಿಗೆಯಲ್ಲಿ ಮೂರು ಬೇಡಿಕೆ ಕೊಡಿ: ಒಪ್ಪಿಗೆ ಫಾರಂ ಕನ್ನಡದಲ್ಲಿ, ಮಾತ್ರೆ ತಿನ್ನುವ ವಿವರ ಕನ್ನಡದಲ್ಲಿ, ಡಿಸ್ಚಾರ್ಜ್ ಸಲಹೆ ಕನ್ನಡದಲ್ಲಿ. ಸ್ವೀಕೃತಿಗೆ ಸಹಿ ಹಾಕಿಸಿಕೊಳ್ಳಿ. ಹದಿನೈದು ದಿನ ಬಿಟ್ಟು ಮತ್ತೆ ಹೋಗಿ. ಉತ್ತರ ಬಾರದಿದ್ದರೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ. ಕನ್ನಡ ಫಾರಂ ಅಚ್ಚು ಮಾಡಲು ಯಾವ ಆಸ್ಪತ್ರೆ ಮುಂದೆ ಬಂದರೂ ಟೈಪಿಂಗ್, ಪ್ರೂಫ್ ಎರಡಕ್ಕೂ ನಾನು ಕಾಸು ಕೇಳುವುದಿಲ್ಲ. ಈ ಊರಿನ ಇತರ ಪ್ರೆಸ್ಸಿನವರನ್ನೂ ಕೇಳಿ, ಇಲ್ಲವೆನ್ನಲಾರರು.

ಬಾಯಿಲ್ಲದ ಭಾಷೆ ಉಳಿಯುವುದಿಲ್ಲ ಎನ್ನುತ್ತೇವೆ. ಆಸ್ಪತ್ರೆಯಲ್ಲಿ ಬಾಯಿ ಬಿಡದ ಮನುಷ್ಯನೂ ಉಳಿಯುವುದು ಕಷ್ಟ. ಬಾಯಿ ಬಿಡಿ. ಕನ್ನಡದಲ್ಲೇ ಬಿಡಿ. ಅರ್ಥವಾಗುವ ತನಕ ಪೆನ್ನು ಮುಟ್ಟಬೇಡಿ!